ಮೇಲಿನ ಅರ್ಧ

ಕಬ್ಬಿಣಕ್ಕೆ ದಣಿವಿಲ್ಲ, ಕಬ್ಬಿಣ ಹಿಡಿದ ಕೈಗೆ ಇದೆ. ಊರಿನ ಅರ್ಧದಷ್ಟು ಕಿಟಕಿಗಳಿಗೆ ಗ್ರಿಲ್ ಕೂರಿಸಿದ ಆ ವೆಲ್ಡರನ ಕೈ ಈಗೀಗ ಚಹಾದ ಲೋಟ ಹಿಡಿದರೂ ಸಣ್ಣಗೆ ನಡುಗುತ್ತಿತ್ತು. ಕಣ್ಣಿನಲ್ಲಿ ಸದಾ ಮರಳು ಹೊಯ್ದ ಹಾಗೆ. ಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಆದರೂ ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದು, ಯಂತ್ರಕ್ಕೆ ಕೈಮುಗಿದು, ಮೇಲಿನವನನ್ನು ಒಮ್ಮೆ ನೆನೆದು ಕಪ್ಪು ಗಾಜು ಮುಖಕ್ಕೆ ಇಳಿಸಿಕೊಂಡನೆಂದರೆ ಸಂಜೆಯ ತನಕ ಕಿಡಿ ಹಾರುತ್ತಲೇ ಇರುತ್ತಿತ್ತು.

ಜನ ಅವನನ್ನು ನಾಲ್ಬೆರಳಪ್ಪ ಎನ್ನುತ್ತಿದ್ದರು. ಹೊಸಬರು ಆ ಹೆಸರು ಕೇಳಿ ಮೊದಲು ಅವನ ಕೈ ನೋಡುತ್ತಿದ್ದರು. ಬೆರಳೆಲ್ಲ ನೆಟ್ಟಗೇ ಇದ್ದವು. ಸರಳಿನಿಂದ ಸರಳಿಗೆ ನಾಲ್ಕು ಬೆರಳು ಜಾಗ ಬಿಡುವುದು ಅವನ ಅಳತೆ, ಅಷ್ಟೆ. ಟೇಪು ಜೇಬಿನಲ್ಲೇ ಇರುತ್ತಿತ್ತು, ಬೆರಳು ಸರಳಿನ ನಡುವೆ ಹೋಗುತ್ತಿತ್ತು. "ಮಗುವಿನ ತಲೆ ತೂರಬಾರ್ದು, ಕಳ್ಳನ ಮೊಣಕೈ ತೂರಬಾರ್ದು. ಮಿಕ್ಕಿದ್ದು ಗಾಳಿಗೆ ಬಿಟ್ಟಿದ್ದು," ಎನ್ನುತ್ತಿದ್ದ. ಅವನದು ಇನ್ನೊಂದು ಪದ್ಧತಿ ಇತ್ತು. ಕೂರಿಸಿ ಬಂದ ಕೆಲಸವನ್ನು ತಿಂಗಳಾದ ಮೇಲೆ ಯಾರೂ ಕರೆಯದಿದ್ದರೂ ಹೋಗಿ ನೋಡುವುದು. ಎಲ್ಲಿ ತುಕ್ಕು ಕಂಡಿತೋ ಅಲ್ಲಿಗೆ ಇನ್ನೊಂದು ಕೈ ಬಣ್ಣ ಬಳಿಯುವುದು. "ಮಗಳನ್ನ ಕೊಟ್ಟ ಮನೆಗೆ ಹೋಗಿಬಂದ ಹಾಗೆ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ಅವರ ಒಬ್ಬಳೇ ಮಗಳನ್ನು ಇನ್ನೂ ಯಾವ ಮನೆಗೂ ಕೊಟ್ಟಿರಲಿಲ್ಲ. ಅವಳು ಬಾವಲಿ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಆಫೀಸಿಗೆ ಉದ್ದನೆಯ ಹೆಸರಿತ್ತು, ಮನೆಯಲ್ಲಿ ಮಾತ್ರ ಬಾವಲಿ ಆಫೀಸೇ. ಊರಾಚೆಯ ಗುಡ್ಡವನ್ನು ಒಂದು ಕಾಲದಲ್ಲಿ ಗಣಿಯವರು ಸುಲಿದು ಹೋಗಿದ್ದರು. ಮರ ಹೋಯಿತು, ಮಣ್ಣು ಹೋಯಿತು, ಕೊನೆಗೆ ಗಣಿಯವರೂ ಹೋದರು. ಉಳಿದದ್ದು ಬೋಳು ಇಳಿಜಾರು, ಅದರ ಬುಡದಲ್ಲಿ ಒಂದು ಸುರಂಗ. ಮನುಷ್ಯ ಬಿಟ್ಟುಹೋದ ಆ ಕತ್ತಲೆಗೆ ಬಾವಲಿಗಳು ಬಂದು ಸಂಸಾರ ಹೂಡಿದವು. ರಾತ್ರಿ ಗುಡ್ಡದಾಚೆಯ ಕಾಡಿಗೆ ಹೋಗಿ ಅತ್ತಿಹಣ್ಣು ತಿಂದು, ಬೆಳಗಿನ ಜಾವ ಬೋಳಿನ ಮೇಲೆ ಹಾದು ಸುರಂಗಕ್ಕೆ ಮರಳುತ್ತಿದ್ದವು. ಹಾದು ಬರುವಾಗ ಉದುರಿಸಿದ ಹಿಕ್ಕೆಯಲ್ಲಿ ಬೀಜ. ಮಗಳು ಇಳಿಜಾರಿನಲ್ಲಿ ಅಲ್ಲಲ್ಲಿ ಬಿಳಿ ಬಟ್ಟೆ ಕಟ್ಟಿ, ಬೆಳಗಾದರೆ ಬಿದ್ದದ್ದನ್ನು ಹೆರೆದು ತಂದು, ತೊಳೆದು, ಬೀಜ ಬೇರ್ಪಡಿಸಿ, ಯಾವ ಮರ ಯಾರ ಹೊಟ್ಟೆಯಲ್ಲಿ ಪ್ರಯಾಣ ಮಾಡಿ ಬಂತು ಎಂದು ಗುರುತಿಸುತ್ತಿದ್ದಳು.

"ಸಾಲ ಮಾಡಿ ಓದಿಸಿದ್ದು ಇದಕ್ಕಾ? ಹಿಕ್ಕೆ ತೊಳೆಯೋಕಾ?" ಎಂದು ತಾಯಿ ಕೇಳುತ್ತಿದ್ದಳು.

"ಅಮ್ಮಾ, ಹಕ್ಕಿ ಬಯಲು ದಾಟಲ್ಲ. ಗಿಡುಗಕ್ಕೆ ಹೆದರುತ್ತೆ. ಕೂತ್ಕೊಳ್ಳೋಕೆ ಕೊಂಬೆ ಇದ್ರೆ ಬರುತ್ತೆ, ಕೂತು ಬೀಜ ಹಾಕುತ್ತೆ. ಬೋಳುಗುಡ್ಡದಲ್ಲಿ ಕೊಂಬೆ ಎಲ್ಲಿಂದ ತರೋದು? ಬಾವಲಿ ಹಾಗಲ್ಲ. ಹಾರ್ತಾ ಹಾರ್ತಾನೇ ಹಾಕಿ ಹೋಗುತ್ತೆ."

"ನಿಮ್ಮಪ್ಪ ನಡೀತಾ ನಡೀತಾ ಮನೆಯೆಲ್ಲಾ ಬೀಡಿ ಬೂದಿ ಉದುರಿಸೋ ಹಾಗೆ ಅನ್ನು."

"ಅಪ್ಪನ ಬೂದಿಯಿಂದ ಏನೂ ಹುಟ್ಟಲ್ಲವಲ್ಲಮ್ಮ."

"ಜಗಳ ಹುಟ್ಟುತ್ತಲ್ಲ!"

ನಗೆಯಾಟದ ಮಾತೇನೋ ಸರಿ, ಆದರೆ ಇಳಿಜಾರು ಹಸಿರಾಗುತ್ತಿದ್ದದ್ದು ಸುಳ್ಳಲ್ಲ. ಮೊದಲು ಬಾವಲಿ ತಂದ ಮೆದು ಮರದ ಪೊದೆಗಳು ಎದ್ದವು. ಪೊದೆಗೆ ನೆರಳಾಯಿತು, ನೆರಳಿಗೆ ತೇವ ನಿಂತಿತು. ಕೊಂಬೆ ಸಿಕ್ಕಿತೆಂದು ಹಕ್ಕಿಗಳು ಬಂದವು; ಬಾವಲಿ ಮುಟ್ಟದ ಹಣ್ಣಿನ ಬೀಜವನ್ನು ಅವು ತಂದವು. ಒಬ್ಬರು ಹಾಕಿದ ಚಾಪೆಯ ಮೇಲೆ ಇನ್ನೊಬ್ಬರು ಬಂದು ಕೂತ ಹಾಗೆ. ಮಗಳು ಒಂದು ದಿನ ಬಂದು, ಅಳಿಲು ಕಂಡೆ ಎಂದು ಹೇಳಿ ಕಣ್ಣೊರೆಸಿಕೊಂಡಿದ್ದಳು. ಅಳಿಲು ನೋಡಿ ಅಳುವವರನ್ನು ವೆಲ್ಡರು ಅದೇ ಮೊದಲು ಕಂಡದ್ದು.

ಕಷ್ಟ ಬಂದದ್ದು ಮನುಷ್ಯರಿಂದ. ಸುರಂಗ ನೋಡಲು ಬರುವವರು ಹೆಚ್ಚಾದರು. ಒಳಗೆ ಬೆಂಕಿ ಹಾಕಿದರು, ಕುಡಿದು ಸೀಸೆ ಒಡೆದರು, ಹೊಗೆಗೆ ಬಾವಲಿಗಳು ಹಗಲಲ್ಲೇ ಹೊರಗೆ ಬಿದ್ದವು. ಸುರಂಗದ ಬಾಯಿಗೊಂದು ಕಬ್ಬಿಣದ ತಡೆ ಹಾಕಬೇಕೆಂದು ಆಫೀಸು ತೀರ್ಮಾನಿಸಿತು. ಮಗಳು, "ನಮ್ಮಪ್ಪ ಮಾಡ್ತಾರೆ, ನಾನು ಹೊಣೆ," ಎಂದಳು. ಬಾವಲಿಗಳು ದೂರದ ಕಣಿವೆಯ ಹಣ್ಣಿಗೆಂದು ಸುರಂಗ ಬಿಟ್ಟುಹೋಗುವ ಕಾಲವೊಂದಿತ್ತು. ಬಸುರಿಯಾದ ಮೇಲೆ ಹೆರಿಗೆಗೆ ಮರಳುತ್ತಿದ್ದವು. ಆ ನಡುವೆ ಕೆಲಸ ಮುಗಿಯಬೇಕು. ಅದೇ ಹೊತ್ತಿಗೆ ಮಗಳನ್ನು ಕಣಿವೆಯ ಕಡೆಯ ಕೆಲಸಕ್ಕೆ ಕಳಿಸಿದರು. ಹೊರಡುವ ಅವಸರದಲ್ಲಿ ಅಪ್ಪನ ಕೈಗೆ ನಕ್ಷೆ ಕೊಟ್ಟು, ಏನೂ ವಿವರಿಸದೆ ಹೋದಳು.

ವೆಲ್ಡರು ನಕ್ಷೆಯನ್ನು ಶೆಡ್ಡಿನ ಗೋಡೆಗೆ ಅಂಟಿಸಿ ನೋಡಿದ. ನೋಡಿದಷ್ಟೂ ಮನಸ್ಸಿಗೆ ಒಗ್ಗಲಿಲ್ಲ. ಕೆಳಗಿನ ಅರ್ಧಕ್ಕೆ ಸರಳು. ಆಳೆತ್ತರಕ್ಕಿಂತ ಮೇಲೆ ಏನೂ ಇಲ್ಲ, ಬರೀ ಬಾಯಿ. ಅರ್ಧ ಬಾಗಿಲು ಒಂದು ಬಾಗಿಲೇ? ಕಬ್ಬಿಣ ಸಾಲದೆ ಬಂದಿರಬೇಕು, ಆಫೀಸಿನವರು ಎಲ್ಲದರಲ್ಲೂ ಕೈ ಬಿಗಿ ಹಿಡಿಯುತ್ತಾರೆ ಎಂದುಕೊಂಡ. ನಾಳೆ ನಾಲ್ಕು ಜನ ನೋಡಿ, ಮಗಳ ಕಡೆಯಿಂದ ಕೆಲಸ ಸಿಕ್ಕಿತು, ಅರ್ಧ ಮಾಡಿ ಎದ್ದುಹೋದ ಎನ್ನಬಾರದು. ಅವಳು ಹೊಣೆ ಎಂದಿದ್ದಾಳೆ. ಶೆಡ್ಡಿನ ಹಿಂದೆ ಬಹಳ ದಿನದಿಂದ ಕೂಡಿಟ್ಟಿದ್ದ ಸ್ವಂತ ಸರಳುಗಳಿದ್ದವು. ಮೇಲಿನ ಅರ್ಧವನ್ನು ಅವುಗಳಿಂದಲೇ ತುಂಬಿದ. ಸರಳಿನಿಂದ ಸರಳಿಗೆ ನಾಲ್ಕು ಬೆರಳು. ಕಮಾನಿನ ಬಾಗಿಗೆ ಸರಿಯಾಗಿ ಒಂದೊಂದನ್ನೂ ಬಗ್ಗಿಸಿ, ಬೆಸುಗೆಯ ಗುರುತು ಕಾಣದ ಹಾಗೆ ಉಜ್ಜಿ ನಯ ಮಾಡಿದ. ಆಫೀಸಿನ ಮೇಲ್ವಿಚಾರಕ ಬಂದು ನೋಡಿ ಬೆರಗಾದ.

"ಯಜಮಾನ್ರೇ, ನಕ್ಷೆಗಿಂತ ಜಾಸ್ತಿನೇ ಮಾಡಿದೀರಲ್ಲ!"

"ಅದು ನನ್ನ ಕಡೆಯಿಂದ ಇರಲಿ ಸಾರ್. ಮಗಳ ಆಫೀಸು."

ಮೇಲ್ವಿಚಾರಕ ಫೋಟೋ ತೆಗೆದುಕೊಂಡ. ವೆಲ್ಡರು ಆ ರಾತ್ರಿ ಮೈ ನೋವಿನಲ್ಲೂ ಚೆನ್ನಾಗಿ ನಿದ್ದೆ ಮಾಡಿದ.

ಮಗಳು ಕಣಿವೆಯಿಂದ ಬಂದವಳು ಮಾರನೆಯ ಬೆಳಗ್ಗೆ ಸುರಂಗಕ್ಕೆ ಹೋಗಿ ಬಂದಳು. ಅಂದಿನಿಂದ ಅವಳ ಮಾತು ಕಡಿಮೆಯಾಯಿತು. "ಹೇಗಿದೆ ಗೇಟು?" ಎಂದು ಅಪ್ಪ ಕೇಳಿದರೆ, "ಗಟ್ಟಿಯಾಗಿದೆ ಅಪ್ಪ," ಎಂದಳು. ಅಷ್ಟೇ. ಊಟಕ್ಕೆ ಕೂತರೆ ತಟ್ಟೆಯ ಮೇಲೆ ಕೈ ನಿಂತೇ ಇರುತ್ತಿತ್ತು. ತೊಳೆಯುವ ಬೋಗುಣಿಗಳು ಹಿತ್ತಲಲ್ಲಿ ಒಣಗಿ ಬಿದ್ದಿದ್ದವು.

"ಏನೋ ಆಗಿದೆ ಅವಳಿಗೆ," ಎಂದಳು ತಾಯಿ. "ನೀವಾದ್ರೂ ಕೇಳ್ಬಾರ್ದಾ?"

"ದಣಿದಿದಾಳೆ. ಈ ಮನೇಲಿ ದಣಿಯದೆ ಇರೋರು ಯಾರಿದಾರೆ ಹೇಳು."

"ನನ್ನ ಬಾಯಿ."

"ಅದು ಸರಿ."

ತಿಂಗಳು ತುಂಬಿತು. ವೆಲ್ಡರು ಬಣ್ಣದ ಡಬ್ಬಿ, ಬ್ರಷ್ಷು ಚೀಲಕ್ಕೆ ಹಾಕಿಕೊಂಡು, "ನಾಳೆ ನಿನ್ನ ಜೊತೆ ಬರ್ತೀನಿ. ಗೇಟಿಗೆ ಇನ್ನೊಂದು ಕೈ ಬಳೀಬೇಕು," ಎಂದ.

"ಬೇಡ ಅಪ್ಪ. ತುಕ್ಕೇ ಹಿಡಿದಿಲ್ಲ."

"ತುಕ್ಕು ನಿನಗೆ ಕಾಣುತ್ತಾ? ನಂಗೆ ವಾಸನೇಲೇ ಗೊತ್ತಾಗುತ್ತೆ."

"ಮಧ್ಯಾಹ್ನ ಬಾ ಹಾಗಾದ್ರೆ. ಬೆಳಗ್ಗೆ ಬೇಡ."

ಬೆಳಗ್ಗೆ ಯಾಕೆ ಬೇಡ ಎನ್ನುವುದನ್ನು ಅವಳು ಹೇಳಲಿಲ್ಲ. ಹೇಳದೆ ಇದ್ದದ್ದೇ ಅವನನ್ನು ಬೆಳಗ್ಗೆ ಎಬ್ಬಿಸಿತು. ಮಗಳು ಚಪ್ಪಲಿ ಮೆಟ್ಟುವ ಹೊತ್ತಿಗೆ ಅವನು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ. ಅವಳು ಒಂದು ಕ್ಷಣ ನೋಡಿ, ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು ಮುಂದೆ ನಡೆದಳು.

ಗುಡ್ಡದ ಬುಡ ತಲುಪುವಾಗ ಮೂಡಣದಲ್ಲಿ ಬೂದಿಬಣ್ಣ ಒಡೆಯುತ್ತಿತ್ತು. ಸುರಂಗದ ಬಾಯಲ್ಲಿ ಗೇಟು ಕಪ್ಪಗೆ, ನೆಟ್ಟಗೆ, ಅವನು ನಿಲ್ಲಿಸಿದ ಹಾಗೆಯೇ ನಿಂತಿತ್ತು. ಹತ್ತಿರ ಹೋಗಿ ಸರಳಿನ ಮೇಲೆ ಅಂಗೈ ಆಡಿಸಬೇಕೆನ್ನುವಷ್ಟರಲ್ಲಿ ಮಗಳು ತೋಳು ಹಿಡಿದು ಬಂಡೆಯ ಪಕ್ಕ ಕೂರಿಸಿದಳು. "ಸ್ವಲ್ಪ ತಡಿ," ಎಂದಳು. ದನಿ ಸತ್ತುಹೋಗಿತ್ತು.

ಮೊದಲು ಒಂದು ನೆರಳು ಬಂತು. ಆಮೇಲೆ ಹಲವು. ಇಳಿಜಾರಿನ ಮೇಲಿನಿಂದ ಇಳಿದು, ಕಮಾನಿನ ಎತ್ತರಕ್ಕೆ ಬಂದು, ಒಳಗೆ ನುಗ್ಗುವ ವೇಗದಲ್ಲಿ ಬಂದು, ಸರಳಿನ ಮುಂದೆ ಒಮ್ಮೆಲೇ ಹೊರಳುತ್ತಿದ್ದವು. ಮತ್ತೆ ಸುತ್ತು ಹಾಕಿ ಮತ್ತೆ ಬರುತ್ತಿದ್ದವು. ಎಲ್ಲವೂ ಮೇಲಿನ ಅರ್ಧಕ್ಕೇ. ಕೆಳಗಿನ ಕಡೆ ಒಂದೂ ಬರಲಿಲ್ಲ. ತೆರೆದ ರೆಕ್ಕೆ ಒಂದು ಮೊಳಕ್ಕೂ ಹೆಚ್ಚು. ನಾಲ್ಕು ಬೆರಳಿನ ಸಂದಿನಲ್ಲಿ ರೆಕ್ಕೆ ಹೇಗೆ ತೂರೀತು? ಕೆಲವು ಸರಳಿಗೆ ಆತು ಒದ್ದಾಡಿ ಬಿಟ್ಟವು. ಒಂದು ಮಾತ್ರ ಹೊರಳುವುದನ್ನು ತಡ ಮಾಡಿತು. ಕಬ್ಬಿಣ ಸಣ್ಣಗೆ ನಾದ ಮಾಡಿತು. ಬಾವಲಿ ನೆಲಕ್ಕೆ ಬಿತ್ತು.

ಮಗಳು ಓಡಿಹೋಗಿ ಬಟ್ಟೆಯಲ್ಲಿ ಎತ್ತಿಕೊಂಡಳು. ನಾಯಿಮರಿಯ ಮುಖ, ದೊಡ್ಡ ಕಣ್ಣು. ಹೊಟ್ಟೆ ಗುಂಡಗೆ ಉಬ್ಬಿತ್ತು. ಅವಳು ಅದನ್ನು ಹತ್ತಿರದ ಮರದ ಕಾಂಡಕ್ಕೆ ಹಿಡಿದಳು. ಅದು ಉಗುರೂರಿ, ತುಸು ಹೊತ್ತು ಏದುಸಿರು ಬಿಟ್ಟು, ನಿಧಾನಕ್ಕೆ ಮೇಲೆ ಹತ್ತಿತು.

"ತಿಂಗಳಿಂದ ಹೀಗೇನಾ?" ಎಂದ ವೆಲ್ಡರು.

"ಹೂಂ."

"ಹಗಲು ಎಲ್ಲಿರ್ತವೆ?"

"ಸೇತುವೆ ಕೆಳಗೆ. ಅಲ್ಲಿ ಬಿಸಿಲು ಬೀಳುತ್ತೆ, ಕಾಗೆ ಕುಕ್ಕುತ್ತವೆ. ದೊಡ್ಡವು ತಡ್ಕೊಳ್ತವೆ. ಮರಿ ಹಾಕಿದ್ರೆ ಉಳಿಯಲ್ಲ. ಸೇತುವೆಗೆ ಹೋಗೋಕೆ ಇಳಿಜಾರಿನ ಮೇಲೆ ಹಾಯೋದೂ ಬೇಕಿಲ್ಲ ಅವಕ್ಕೆ. ಬೆಳಗ್ಗೆ ಇಲ್ಲಿಗೆ ಬರೋದೂ ದಿನದಿನಕ್ಕೆ ಕಡಿಮೆ ಆಗ್ತಿದೆ. ಇನ್ನು ಸ್ವಲ್ಪ ದಿನ, ಮರೀತವೆ. ಬಟ್ಟೇಲಿ ಏನೂ ಬೀಳ್ತಿಲ್ಲ ಅಪ್ಪ."

"ನನಗೆ ಯಾಕೆ ಹೇಳ್ಲಿಲ್ಲ?"

ಅವಳು ತಂದೆಯ ಕೈ ನೋಡಿದಳು. ಕಿಡಿ ಹಾರಿ ಸುಟ್ಟ ಚುಕ್ಕೆಗಳು, ಉಗುರಿನ ಸಂದಿಯ ಕಪ್ಪು, ನಡುಕ. "ಆಫೀಸಿಗೆ ಹೇಳ್ದೆ. ಕತ್ತರಿಸಬೇಕು ಅಂದೆ. ಸರ್ಕಾರದ ಸ್ವತ್ತು, ಮೇಲಿನಿಂದ ಅಪ್ಪಣೆ ಬರಬೇಕು ಅಂದ್ರು. ಬರೋ ಹೊತ್ತಿಗೆ ಹೆರಿಗೆ ಮುಗಿದಿರುತ್ತೆ. ನಿನಗೆ ಹೇಳಿ ಏನ್ಮಾಡ್ಲಿ? ನೀನು ನನಗೋಸ್ಕರ ಮಾಡಿದ್ದು."

ಅವಳು ಬೈದಿದ್ದರೆ ವೆಲ್ಡರು ಬೈಗುಳ ತಿಂದು ಎದ್ದು ಹೋಗಬಹುದಿತ್ತು. ಅವಳು ಬೈಯಲಿಲ್ಲ. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡು ಮಾಡಿದ ಕೆಟ್ಟದ್ದಕ್ಕೆ ದೇವರ ಮುಂದೆ ಹೇಗೆ ಕೈಮುಗಿಯಬೇಕೆಂದು ಯಾರೂ ಅವನಿಗೆ ಕಲಿಸಿರಲಿಲ್ಲ. ಬಣ್ಣದ ಡಬ್ಬಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

ಆಫೀಸು ತೆರೆಯುವ ಹೊತ್ತಿಗೆ ಅಪ್ಪ ಮಗಳು ಮೇಲ್ವಿಚಾರಕನ ಮೇಜಿನ ಮುಂದೆ ಇದ್ದರು. ಕೊಠಡಿಯ ಫ್ಯಾನು ಕೀರಲು ದನಿಯಲ್ಲಿ ತಿರುಗುತ್ತಿತ್ತು. ಗೋಡೆಯಲ್ಲಿ ಗೇಟಿನ ಫೋಟೋ ಆಗಲೇ ಚೌಕಟ್ಟು ಹಾಕಿ ಕೂತಿತ್ತು.

"ಅಭ್ಯಾಸ ಆಗುತ್ತೆ ಯಜಮಾನ್ರೇ, ಪ್ರಾಣಿಗಳಿಗೆ ಎಲ್ಲಾ ಅಭ್ಯಾಸ ಆಗುತ್ತೆ," ಎಂದ ಮೇಲ್ವಿಚಾರಕ. ಅವನೂ ಕೆಟ್ಟವನಲ್ಲ, ನಿದ್ದೆಗೆಟ್ಟ ಕಣ್ಣು, ಮೇಜಿನ ತುಂಬ ಕಾಗದ. "ಇಷ್ಟು ಚೆಂದದ ಕೆಲಸ. ಕತ್ತರಿಸೋಕೆ ನಿಮಗೇ ಮನಸ್ಸು ಬರುತ್ತಾ?"

"ಮನಸ್ಸಿನ ಮಾತು ಬಿಡಿ ಸಾರ್. ನಕ್ಷೆ ಕೊಡಿ ಒಂದ್ಸಲ."

ನಕ್ಷೆ ಬಂತು. ವೆಲ್ಡರು ಅದರ ಮೇಲೆ ಬೆರಳಿಟ್ಟ. "ಇಲ್ಲಿವರೆಗೆ ನೀವು ಕೇಳಿದ್ದು. ಇದು ಸರ್ಕಾರದ್ದು, ನಾನು ಮುಟ್ಟಲ್ಲ. ಮೇಲೆ ಇರೋದು ಇದರಲ್ಲಿ ಇದೆಯಾ?"

"ಇಲ್ಲ."

"ನಕ್ಷೆಯಲ್ಲಿ ಇಲ್ಲ. ನಿಮ್ಮ ಕಬ್ಬಿಣ ಅಲ್ಲ, ನಿಮ್ಮ ಕೂಲಿ ಅಲ್ಲ. ನಂದು ನಾನು ಬಿಚ್ಕೊಂಡು ಹೋಗ್ತೀನಿ. ಯಾರಪ್ಪಣೆ ಬೇಕು?"

"ನೀವೇ ಕೊಟ್ಟಿದ್ದಲ್ವಾ ಅದು? ಕೊಟ್ಟಿದ್ದನ್ನ ವಾಪಸ್ ತಗೊಳ್ತಾರಾ?"

"ತಗೊಳ್ಳಬಾರ್ದು. ಮರ್ಯಾದೆ ಅಲ್ಲ," ಎಂದ ವೆಲ್ಡರು. "ಹಾಗಿದ್ರೂ ತಗೊಳ್ತೀನಿ ಸಾರ್. ನಾಲ್ಬೆರಳಪ್ಪ ಜಿಪುಣ ಅಂತ ಊರಿಗೆಲ್ಲಾ ಹೇಳಿ, ಪರವಾಗಿಲ್ಲ."

ಮೇಲ್ವಿಚಾರಕ ಮಗಳ ಮುಖ ನೋಡಿದ, ಗೋಡೆಯ ಫೋಟೋ ನೋಡಿದ, ಕೊನೆಗೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನಾನು ಇವತ್ತು ಆ ಕಡೆ ಬರಲ್ಲ," ಎಂದ. ಅಪ್ಪಣೆ ಅಂದರೆ ಅದೇ.

ಗಾಡಿಯಲ್ಲಿ ಗ್ಯಾಸಿನ ಸಿಲಿಂಡರು, ಕಟರು, ಜನರೇಟರು, ಗ್ರೈಂಡರು, ಏಣಿ. ಅಷ್ಟನ್ನೂ ಇಳಿಸುವಷ್ಟರಲ್ಲೇ ಅವನ ಬೆನ್ನು ಬಗ್ಗಿತು. ಏಣಿ ಹತ್ತಿ, ಮುಖವಾಡ ಇಳಿಸಿ, ಮೊದಲ ಸರಳಿಗೆ ಉರಿ ಹಿಡಿದ. ಕೂರಿಸುವಾಗ ಒಂದೊಂದು ಸರಳಿಗೂ ಒಂದು ಗಳಿಗೆ ಯೋಚಿಸಿದ್ದ. ಕತ್ತರಿಸುವಾಗ ಯೋಚನೆಯೇ ಇರಲಿಲ್ಲ. ಕೆಂಪಗೆ ಕರಗಿ, ಬಿಳುಪಾಗಿ, ತುಂಡಾಗಿ, ಠಣ್ಣೆಂದು ಕೆಳಗೆ ಬೀಳುತ್ತಿತ್ತು. ಒಂದಾದ ಮೇಲೊಂದು ಬೀಳುವ ಆ ಸದ್ದಿನಲ್ಲಿ ಒಂದು ನಡೆ ಹುಟ್ಟಿಕೊಂಡಿತು. ಚಿಕ್ಕಂದಿನಲ್ಲಿ ಅವನ ತಾಯಿ ಮುಸ್ಸಂಜೆಗೆ ಗೋಡೆಗೊರಗಿ ಪದ್ಯ ಹೇಳುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದ. ಮಾತೆಲ್ಲ ಮರೆತುಹೋಗಿತ್ತು, ಅರ್ಥ ಅಂದೂ ತಿಳಿದಿರಲಿಲ್ಲ. ಸಾಲು ಮುಗಿದು ಅವಳು ಉಸಿರು ಎಳೆದುಕೊಳ್ಳುತ್ತಿದ್ದ ಜಾಗ ಮಾತ್ರ ಮೈಯಲ್ಲಿ ಉಳಿದಿತ್ತು. ಆ ಜಾಗದಲ್ಲಿ ಅವನೂ ಉರಿ ತಗ್ಗಿಸಿ ಉಸಿರು ಎಳೆದುಕೊಳ್ಳುತ್ತಿದ್ದ.

"ಸಾಕು ಇಳಿಯಪ್ಪ, ಮಿಕ್ಕಿದ್ದು ನಾಳೆ," ಎಂದಳು ಮಗಳು ಹೊತ್ತು ವಾಲಿದಾಗ.

"ಸರಳು ಹೋಯ್ತು, ಮೊನೆ ಉಳಿದಿದೆ. ಇಷ್ಟು ಮೊನೆ ಬಿಟ್ಟು ಹೋದ್ರೆ ರೆಕ್ಕೆ ಹರೀತವೆ."

ಹಾಗೆಂದು ಗ್ರೈಂಡರ್ ಹಿಡಿದ. ಒಂದೊಂದು ಮೊನೆಯನ್ನೂ ಸವೆಸಿ, ಬಿಸಿ ಆರುವ ತನಕ ಕಾದು, ಬರಿಗೈಯಿಂದ ಸವರಿ ನೋಡುತ್ತಿದ್ದ. ಮಗಳು ಕೆಳಗೆ ಏಣಿಯನ್ನು ಒತ್ತಿ ಹಿಡಿದು, ಮೈಮೇಲೆ ಬೀಳುವ ಕಬ್ಬಿಣದ ಪುಡಿಗೆ ಮುಖ ತಗ್ಗಿಸಿ ನಿಂತಿದ್ದಳು. ಬೆಳಕು ಕಂತಿದ ಮೇಲೆ ಅವನನ್ನು ಇಳಿಸಿದ್ದಲ್ಲ, ಹೊತ್ತುಕೊಂಡಂತೆಯೇ ಆಯಿತು. ಮನೆಯಲ್ಲಿ ಹೆಂಡತಿ ಬಿಸಿನೀರು ಕಾಯಿಸಿ, ಮಂಡಿಗೆ ಎಣ್ಣೆ ತಿಕ್ಕಿದಳು. ಆಶ್ಚರ್ಯವೆಂದರೆ ಒಂದು ಮಾತೂ ಆಡಲಿಲ್ಲ.

ಮಾರನೆಯ ಜಾವ ಬೇಡವೆಂದರೂ ಕೇಳದೆ ಹೊರಟ. ಇಬ್ಬರೂ ಅದೇ ಬಂಡೆಯ ಪಕ್ಕ ಕೂತರು. ಸುರಂಗದ ಮೇಲಿನ ಅರ್ಧ ಈಗ ಬರೀ ಕತ್ತಲೆ. ನೆರಳುಗಳು ಬಂದವು, ನಿನ್ನೆಗಿಂತ ಕಡಿಮೆ. ಕಮಾನಿನವರೆಗೆ ಬಂದು, ಸರಳಿದ್ದ ಜಾಗದ ಮುಂದೆ, ಸರಳು ಇದ್ದಾಗ ಹೊರಳಿದ ಹಾಗೆಯೇ ಹೊರಳಿದವು. ಮತ್ತೆ ಬಂದವು, ಮತ್ತೆ ಹೊರಳಿದವು.

"ತೆಗೆದಿದೀನಲ್ಲ," ಎಂದ ವೆಲ್ಡರು ಬಾಯೊಳಗೆ. "ಕಾಣಲ್ವಾ ಇವಕ್ಕೆ?"

"ಮುಚ್ಚಿದೆ ಅಂತ ಕಲಿತಿವೆ ಅಪ್ಪ. ಕಲಿತಿದ್ದನ್ನ ಬಿಡೋಕೆ ಹೊತ್ತು ಬೇಕು."

"ಎಷ್ಟು ಹೊತ್ತು?"

"ಗೊತ್ತಿಲ್ಲ."

ಅವನು ಬಂಡೆಗೆ ಒರಗಿದ. ಕಣ್ಣಿನ ಮರಳು ಉರಿಯುತ್ತಿತ್ತು. ಒಂದು ಕ್ಷಣ ಮುಚ್ಚಿದರೆ ತಂಪಾದೀತೆಂದು ಮುಚ್ಚಿದ. ಮುಚ್ಚಿದ್ದೇ ಬಂತು, ಗಲ್ಲ ಎದೆಗೆ ಬಿದ್ದು ಗೊರಕೆ ಶುರುವಾಯಿತು.

ಅವನು ಕಾಣದೆ ಇದ್ದದ್ದು ಇದು: ಹೊರಳಿ ಹೊರಳಿ ಸೋತು, ಬಹಳಷ್ಟು ಬಾವಲಿಗಳು ಸೇತುವೆಯ ಕಡೆ ತಿರುಗಿದವು. ಹಿಂದೆ ಉಳಿದವುಗಳಲ್ಲಿ ಭಾರದ ಒಂದು, ಇನ್ನು ಸುತ್ತು ಹಾಕಲು ಕಸುವಿಲ್ಲದ್ದರಿಂದಲೋ ಏನೋ, ಹೊರಳಲಿಲ್ಲ. ನೇರ ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಒಳಗಿನಿಂದ ಅದರ ಕಿರಿದನಿ ಕೇಳಿತು. ಅದನ್ನು ಕೇಳಿಯೇ ಇನ್ನೊಂದು ಹೋಯಿತು. ಆಮೇಲೆ ಎರಡು ಮೂರು ಒಟ್ಟಿಗೆ. ಮಗಳು ತಂದೆಯ ಭುಜಕ್ಕೆ ಕೈ ಹಾಕಿದಳು, ಎಬ್ಬಿಸಬೇಕೆಂದು. ಬೆವರು ಒಣಗಿ ಉಪ್ಪು ಕಟ್ಟಿದ ಅಂಗಿ ಕೈಗೆ ತಾಗಿತು. ಕೈ ಹಿಂದೆ ತೆಗೆದುಕೊಂಡಳು.

ಬಿಸಿಲು ಕಾಲಿಗೆ ಬಿದ್ದಾಗ ಅವನು ಬೆಚ್ಚಿ ಎದ್ದ. ಆಕಾಶ ಖಾಲಿ. "ಒಳಗೆ ಹೋದ್ವಾ?"

"ಹೋದವು."

"ಎಲ್ಲಾ?"

"ಎಲ್ಲಾ ಅಲ್ಲ. ಕೆಲವು. ಮಿಕ್ಕವು ಸೇತುವೆಗೆ ಹೋದವು."

"ಬಸುರಿಗಳು?"

"ಅವೇ ಮೊದಲು."

"ಎಬ್ಬಿಸಬಾರದಿತ್ತಾ ನನ್ನ?"

"ನಿನ್ನ ಗೊರಕೆ ಕೇಳ್ತಾನೂ ಒಳಗೆ ಹೋದ್ವಲ್ಲ ಅಪ್ಪ, ಅದೇ ದೊಡ್ಡದು."

ಅವನು ನಗಲಿಲ್ಲ; ನಗುವಷ್ಟು ಶಕ್ತಿ ಇರಲಿಲ್ಲ. ಮಗಳ ಹೆಗಲು ಹಿಡಿದು ಎದ್ದು, ಮಂಡಿ ಬಿಚ್ಚುವ ತನಕ ಹಾಗೇ ನಿಂತ. ಒಳಗೆ ಕತ್ತಲೆಯಲ್ಲಿ ಏನೋ ಮೆಲ್ಲಗೆ ಕಿಚಗುಟ್ಟುತ್ತಿತ್ತು. ಅವನು ಹುಬ್ಬಿಗೆ ಕೈ ಅಡ್ಡ ಹಿಡಿದು ಕಮಾನಿನ ಎಡ ಮೂಲೆಯನ್ನೇ ಬಹಳ ಹೊತ್ತು ನೋಡಿದ.

"ಅಲ್ಲೊಂದು ಮೊನೆ ಬಿಟ್ಟಿದೀನಿ," ಎಂದ. "ಕತ್ತಲಲ್ಲಿ ಕಂಡಿಲ್ಲ. ಈಗ ಗ್ರೈಂಡರ್ ಸದ್ದು ಬೇಡ, ಹೆದರ್ತವೆ. ಸಂಜೆ ಅವು ಹಣ್ಣಿಗೆ ಹೊರಟ ಮೇಲೆ ಅರ ತಂದು ಕೈಯಲ್ಲೇ ಉಜ್ತೀನಿ."